ತೆಪ್ಪದಲ್ಲಿ ಐದು ಜನಕ್ಕೆ ಜಾಗ

ತೊಂಬತ್ತನಾಲ್ಕನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಒಂದು ಭಾನುವಾರ, ಶ್ರೀರಂಗಪಟ್ಟಣದ ಹೊಳೆ ಪಕ್ಕದ ಕೆಳಗಿನ ಬೀದಿಯಲ್ಲಿ ಒಂದು ತೆಪ್ಪ ನಡೆದುಕೊಂಡು ಬಂತು. ಬಿದಿರು ಹೆಣೆದು, ಹೊರಮೈಗೆ ಟಾರು ಬಳಿದ ದುಂಡನೆಯ ತೆಪ್ಪ. ಬೋರಲಾಗಿತ್ತು. ಅದರ ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಒಂದರಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ತೆಪ್ಪ ಒಮ್ಮೆ ಕರೆಂಟು ಕಂಬಕ್ಕೆ ಡಿಕ್ಕಿ ಹೊಡೆದು, "ತಪ್ಪಾಯ್ತು ಸ್ವಾಮಿ" ಎಂದು ಕಂಬಕ್ಕೆ ಹೇಳಿ, ಮತ್ತೆ ನೆಟ್ಟಗಾಗಿ ಮುಂದೆ ಬಂತು.

ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದ ಪಾರ್ವತಮ್ಮ ಕಾಲುಗಳನ್ನು ದಿಟ್ಟಿಸಿ ನೋಡಿದಳು. ಹಿಮ್ಮಡಿಯ ಒಡಕು ಗುರುತು ಸಿಕ್ಕಿತು.

"ಅಯ್ಯೋ ಶಿವನೆ, ಇವು ನಮ್ಮನೇರ ಕಾಲು!"

ತೆಪ್ಪ ಸೀದಾ ಬಂದು ಮನೆ ಬಾಗಿಲಿಗೆ ದಡಾರನೆ ಗುದ್ದಿತು. ತೆಪ್ಪದ ಒಳಗಿನಿಂದ ಅವಳ ಗಂಡ ಮಂಚಯ್ಯನ ದನಿ ಕೇಳಿತು.

"ಬಾಗ್ಲು ತೆಗಿಯೇ."

"ಬಾಗ್ಲು ತೆಗ್ದೇ ಅದೆ ಕಣಿ. ತೆಪ್ಪ ದೊಡ್ದು, ಬಾಗ್ಲು ಸಣ್ದು."

ತಲೆಯ ಮೇಲೆ ಅಷ್ಟಗಲದ ತೆಪ್ಪ ಹೊತ್ತು ಮಂಚಯ್ಯ ಸ್ವಲ್ಪ ಹೊತ್ತು ಯೋಚಿಸಿದ. ಅಡ್ಡ ಮಾಡಿ ನೋಡಿದ, ಓರೆ ಮಾಡಿ ನೋಡಿದ. ದುಂಡಗಿರುವ ವಸ್ತುವಿಗೆ ಅಡ್ಡವೂ ಒಂದೇ, ಓರೆಯೂ ಒಂದೇ. ಕೊನೆಗೆ ಅವನ ತಮ್ಮ ರಂಗಸ್ವಾಮಿ ಎಮ್ಮೆಗಳ ಹಗ್ಗ ಬಿಚ್ಚಿ ತಂದು, ಮುಂದಿನ ಕೋಣೆಯ ಮೇಲಿದ್ದ ಸಣ್ಣ ತಾರಸಿಗೆ ತೆಪ್ಪವನ್ನು ಎಳೆದು ಕೂರಿಸಿದ. ಅದನ್ನು ನೋಡಲು ನೆರೆದಿದ್ದ ಬೀದಿಯವರಲ್ಲಿ ಒಬ್ಬರು, "ಹೊಳೆ ಇಲ್ಲದೆ ಇರೋ ಜಾಗದಲ್ಲಿ ತೆಪ್ಪ ಯಾಕ್ಲಾ ಮಂಚ?" ಎಂದು ಕೇಳಿದರು.

"ಹೊಳೆನೇ ಬತ್ತದೆ" ಎಂದ ಮಂಚಯ್ಯ, ಬೆವರು ಒರೆಸಿಕೊಳ್ಳುತ್ತಾ.

ಮಂಚಯ್ಯ ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದ. ಅಲ್ಲಿ ಅವನು ಗಂಟೆ ಹೊಡೆದರೆ ಇಡೀ ಸ್ಕೂಲು ಎದ್ದು ಓಡುತ್ತಿತ್ತು. ಮನೆಯಲ್ಲಿ ಅವನು ಗಂಟಲು ಹರಿಯುವ ಹಾಗೆ ಕೂಗಿದರೂ ಬೆಕ್ಕು ಸಹ ತಲೆ ಎತ್ತುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಅವನ ತಾಯಿ ಕುಳ್ಳಮ್ಮನ ಮಾತಿನ ಮೇಲೆ. ಅವಳು ಮಲಗಿದ್ದಾಗ ಹೆಂಡತಿ ಪಾರ್ವತಮ್ಮನ ಮಾತು. ಪಾರ್ವತಮ್ಮ ಸೊಸೈಟಿಗೆ ಹೋದಾಗ ರಂಗಸ್ವಾಮಿಯ ಹೆಂಡತಿ ಪುಟ್ಟಲಕ್ಷ್ಮಮ್ಮನದು. ಅವಳೂ ಇಲ್ಲದಿದ್ದರೆ ಪಿಯುಸಿ ಓದುತ್ತಿದ್ದ ಮಂಚಯ್ಯನ ಮಗಳು ಸ್ನೇಹಳದು. ಹೊಲ, ಎಮ್ಮೆ ನೋಡಿಕೊಂಡಿದ್ದ ರಂಗಸ್ವಾಮಿಗೂ ಎಮ್ಮೆಗಳ ಮೇಲೆ ಅಷ್ಟಿಷ್ಟು ಅಧಿಕಾರ ಇತ್ತು. ಮಂಚಯ್ಯನಿಗೆ ಯಾರ ಮೇಲೂ ಇರಲಿಲ್ಲ.

ಇಂಥವನನ್ನು ಆ ವರ್ಷ ಒಂದು ದಿನದ ತರಬೇತಿಗೆ ಕಳಿಸಿದರು. ಪ್ರವಾಹ, ಬೆಂಕಿ, ಭೂಕಂಪ ಬಂದರೆ ಏನು ಮಾಡಬೇಕೆಂಬ ತರಬೇತಿ. ಹೆಡ್‌ಮಾಸ್ಟರಿಗೆ ಬಂದ ಕರೆ ಅದು. ಅವರು ಸೈನ್ಸ್ ಮೇಷ್ಟ್ರಿಗೆ ಹೇಳಿದರು, ಸೈನ್ಸ್ ಮೇಷ್ಟ್ರು ಡ್ರಿಲ್ ಮೇಷ್ಟ್ರಿಗೆ ಹೇಳಿದರು, ಡ್ರಿಲ್ ಮೇಷ್ಟ್ರು ಅತ್ತೆ ಮನೆಗೆ ಹೊರಟಿದ್ದರು. ಹಾಗಾಗಿ ಮಂಚಯ್ಯ ಹೋದ. ಊಟ ಚೆನ್ನಾಗಿತ್ತು, ಒಂದು ಪೀಪಿಯನ್ನೂ ಕೊಟ್ಟರು. ಆದರೆ ಅವನ ಎದೆಗೆ ನಾಟಿದ್ದು ಬೇರೆ. ಅಲ್ಲಿ ಮಾತನಾಡಿದ ಸಾಹೇಬರು, "ಪ್ರತಿ ಮನೆಗೂ ಒಬ್ಬ ನಾಯಕ ಬೇಕು. ಆಪತ್ತಿನಲ್ಲಿ ಎಲ್ಲರೂ ಅವನ ಮಾತು ಕೇಳಬೇಕು" ಎಂದಿದ್ದರು. ಹೇಳುವಾಗ ಅವರು ಮಂಚಯ್ಯನ ಕಡೆಯೇ ನೋಡಿದರಂತೆ. ಅವನು ಕಿಟಕಿ ಪಕ್ಕ ಕೂತಿದ್ದ. ಅವರು ಬಹುಶಃ ಕಿಟಕಿಯ ಆಚೆ ನೋಡಿರಬೇಕು.

ಮನೆಗೆ ಬಂದವನೇ ಶುರು ಮಾಡಿದ. ಪ್ರತಿವರ್ಷ ಕನ್ನಂಬಾಡಿ ಕಟ್ಟೆ ತುಂಬಿ ಗೇಟು ಎತ್ತಿದಾಗ ಹೊಳೆಯ ನೀರು ಕೆಳಗಿನ ಬೀದಿಯ ತುದಿಯವರೆಗೂ ಬಂದು ಇಣುಕಿ ಹೋಗುತ್ತಿತ್ತು. ಒಂದು ಸಲ ಒಳಗೇ ಬರುತ್ತದೆ, ಅಷ್ಟರಲ್ಲಿ ನಾವು ತಯಾರಾಗಿರಬೇಕು ಎಂದ. ಪ್ರತಿಯೊಬ್ಬರೂ ತಮಗೆ ಅಗತ್ಯವಾದ ಸಾಮಾನಿನ ಒಂದು ಗಂಟು ಕಟ್ಟಿ ಬಾಗಿಲ ಹತ್ತಿರ ಇಡಬೇಕೆಂದ. ಇಟ್ಟರು. ಪಾರ್ವತಮ್ಮನ ಗಂಟಿನಲ್ಲಿ ಮಿಕ್ಸಿ ಇತ್ತು. ಪುಟ್ಟಲಕ್ಷ್ಮಮ್ಮನದರಲ್ಲಿ ಮದುವೆ ಆಲ್ಬಮ್ಮು. ಕುಳ್ಳಮ್ಮ ತನ್ನ ಎಲೆ ಅಡಿಕೆ ಚೀಲದ ಜೊತೆ, ತಾನು ಸತ್ತಾಗ ಉಡಿಸಲೆಂದು ಎತ್ತಿಟ್ಟಿದ್ದ ಹಸಿರು ಸೀರೆಯನ್ನೂ ಮಡಚಿ ಇಟ್ಟಳು.

"ಅವ್ವ, ಇದು ಬದುಕ್ಕಳಕ್ಕೆ ಕಟ್ಟೋ ಗಂಟು" ಎಂದ ಮಂಚಯ್ಯ.

"ಇರ್ಲಿ ಕಣ್ಲಾ. ನಿನ್ನ ನಂಬ್ಕೊಂಡು ಓಯ್ತಾ ಇವ್ನಿ, ಒಂದ್ ಸೀರೆ ಇರ್ಲಿ."

ತುರ್ತಿಗೆಂದು ಒಂದು ತಗಡಿನ ಡಬ್ಬದಲ್ಲಿ ಅವಲಕ್ಕಿ, ಹುರಿಗಡಲೆ, ಬೆಲ್ಲ ತುಂಬಿಸಿಟ್ಟ. ವಾರ ಕಳೆಯುವಷ್ಟರಲ್ಲಿ ಡಬ್ಬ ಹಗುರಾಗಿತ್ತು. ರಂಗಸ್ವಾಮಿಯನ್ನು ಕೇಳಿದರೆ, "ಕೆಟ್ಟೋಗದೋ ಏನೋ ಅಂತ ದಿನಾ ನೋಡ್ತಿದ್ದೆ ಕಣಣ್ಣ" ಎಂದ. ಮತ್ತೆ ತುಂಬಿಸಿದ. ಮತ್ತೆ ರಂಗಸ್ವಾಮಿ ಪರೀಕ್ಷೆ ಮಾಡಿದ.

ಒಂದು ಬೆಳಗ್ಗೆ ಯಾರಿಗೂ ಹೇಳದೆ ಪೀಪಿ ಊದಿದ. ಊದಿದ ಕೂಡಲೇ ಎಲ್ಲರೂ ಬೀದಿಗೆ ಬಂದು ಸಾಲಾಗಿ ನಿಲ್ಲಬೇಕು ಎಂಬುದು ಅವನ ನಿಯಮ. ಪಾರ್ವತಮ್ಮ, "ಮಜ್ಜಿಗೆ ಕಡೀತಾ ಇವ್ನಿ, ಬೆಣ್ಣೆ ಬಂದ್ಬುಡ್ಲಿ ತಡೀರಿ" ಎಂದಳು. ಪುಟ್ಟಲಕ್ಷ್ಮಮ್ಮ ತಲೆಗೆ ನೀರು ಹಾಕಿಕೊಂಡಿದ್ದಳು. ಸ್ನೇಹ ಮುಸುಕು ಎಳೆದುಕೊಂಡು ಮಗ್ಗುಲಾದಳು. ಕುಳ್ಳಮ್ಮನಿಗೆ ಕೇಳಿಸಿತ್ತು, ಆದರೆ ಕೇಳಿಸಲಿಲ್ಲ ಎಂದಳು. ಕೊಟ್ಟಿಗೆಯಿಂದ ದೊಡ್ಡ ಎಮ್ಮೆಯೊಂದೇ ಎದ್ದು, ಗೂಟ ಕಿತ್ತುಕೊಂಡು ಬೀದಿಗೆ ಬಂದು, ಮಂಚಯ್ಯನ ಎದುರು ನಿಂತು ಅವನ ಮುಖ ನೋಡಿತು.

ಇಷ್ಟಾದರೂ ಅವನು ಸೋಲಲಿಲ್ಲ. ಹೋಗಿ ಆ ತೆಪ್ಪ ಕೊಂಡುಕೊಂಡು ಬಂದ. ತೊಂದರೆ ಶುರುವಾದದ್ದು ಅಲ್ಲಿಂದ.

ತೆಪ್ಪ ಮಾರಿದವನು ಅದರಲ್ಲಿ ಐದು ಜನ ಕೂರಬಹುದು ಎಂದಿದ್ದ. ಮನೆಯಲ್ಲಿ ಆರು ಜನ ಇದ್ದರು. ಅದನ್ನು ಮೊದಲು ಗಮನಿಸಿದವಳು ಸ್ನೇಹ.

"ಅಪ್ಪ, ಒಬ್ರು ಎಚ್ಚಾಯ್ತೀವಲ್ಲ?"

"ಸಣ್ಣುಕ್ಕಿದ್ರೆ ಆರು ಜನ ಆಯ್ತದೆ ಅಂದವ್ನೆ" ಎಂದ ಮಂಚಯ್ಯ.

ಸಣ್ಣಕ್ಕೆ ಯಾರಿದ್ದಾರೆ ಎಂದು ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಪುಟ್ಟಲಕ್ಷ್ಮಮ್ಮ ದಷ್ಟಪುಷ್ಟ ಹೆಂಗಸು. ಎಲ್ಲರ ಕಣ್ಣೂ ತನ್ನ ಮೇಲೆಯೇ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು.

"ನನ್ ಯಾಕೆ ಅಂಗ್ ನೋಡೀರಿ? ತೂಕ ಆಕ್ಸಿ ನೋಡ್ಬುಡಿ. ಆಮೇಲ್ ಮಾತಾಡಿ" ಎಂದಳು.

ಹಾಕಿಸಿಯೇ ಬಿಟ್ಟರು. ಪಾಂಡವಪುರದ ರಸ್ತೆಯಲ್ಲಿ ರಂಗಸ್ವಾಮಿಯ ಸ್ನೇಹಿತನ ಆಲೆಮನೆ ಇತ್ತು. ಬೆಲ್ಲ ತೂಗುವ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಒಬ್ಬೊಬ್ಬರಾಗಿ ಕೂತರು, ಇನ್ನೊಂದರಲ್ಲಿ ಬೆಲ್ಲದ ಮೂಟೆ. ಕುಳ್ಳಮ್ಮ ಕೂತಾಗ ಮೂಟೆ ಅಲುಗಲೇ ಇಲ್ಲ. ಅವಳಿಗೆ ಸ್ವಲ್ಪ ಬೇಜಾರಾಯಿತು. ಪುಟ್ಟಲಕ್ಷ್ಮಮ್ಮ ಉಸಿರು ಬಿಗಿಹಿಡಿದು ಕೂತಳು. ಮೂಟೆಯೂ ಅವಳೂ ಸಮ ನಿಂತರು. ಕೊನೆಗೆ ಮಂಚಯ್ಯ ಕೂತ. ತಟ್ಟೆ ಧೊಪ್ಪನೆ ನೆಲ ಮುಟ್ಟಿತು, ಆ ಕಡೆ ಬೆಲ್ಲದ ಮೂಟೆ ಮೇಲೆ ಹೋಗಿ ತೊನೆಯಿತು. ಆಲೆಮನೆಯ ಆಳುಗಳು ಕಬ್ಬು ಅರೆಯುವುದನ್ನು ನಿಲ್ಲಿಸಿ ನೋಡಿದರು.

"ಬಾವ, ನೀವೇ ಉಳ್ಕಬೇಕಾಯ್ತದೆ" ಎಂದಳು ಪುಟ್ಟಲಕ್ಷ್ಮಮ್ಮ ತಣ್ಣಗೆ.

"ನಾಯಕನ್ನ ಬುಟ್ಟು ಓಗಕ್ಕಾಯ್ತದಾ?" ಎಂದ ಮಂಚಯ್ಯ, ತಟ್ಟೆಯಿಂದ ಏಳಲು ತಮ್ಮನ ಕೈ ಹಿಡಿಯುತ್ತಾ.

ಅದಾದ ಮೇಲೆ ಮನೆಯಲ್ಲಿ ಮಾತುಕತೆಯೇ ಬದಲಾಯಿತು. ಯಾರಾದರೂ ಎರಡನೇ ಮುದ್ದೆ ಹಾಕಿಸಿಕೊಂಡರೆ ಉಳಿದವರು ತಾರಸಿಯ ಕಡೆ ನೋಡುತ್ತಿದ್ದರು. ಪಾರ್ವತಮ್ಮ, ತಾನು ಈ ಮನೆಗೆ ಮೊದಲು ಬಂದ ಸೊಸೆಯಾದ್ದರಿಂದ ತನ್ನ ಜಾಗ ಖಾಯಂ ಎಂದಳು. ಪುಟ್ಟಲಕ್ಷ್ಮಮ್ಮ, ತನ್ನ ತವರಿನವರು ಕೊಟ್ಟ ಎಮ್ಮೆಯ ಹಗ್ಗದಲ್ಲೇ ತೆಪ್ಪ ಮೇಲೆ ಹೋದದ್ದು ಎಂದು ನೆನಪಿಸಿದಳು. ಗದ್ದೆಯ ಬದುವಿನ ಹಳೇ ಜಗಳ, ಯಾವುದೋ ಮದುವೆಯಲ್ಲಿ ಕೊಡದ ಸೀರೆ, ಎಲ್ಲವೂ ತೆಪ್ಪದೊಳಕ್ಕೆ ಹತ್ತಿ ಕೂತವು.

ಒಂದು ಮಧ್ಯಾಹ್ನ ಎಲ್ಲರೂ ಉಣ್ಣುತ್ತಿದ್ದಾಗ ಕುಳ್ಳಮ್ಮ ತಟ್ಟೆಯಿಂದ ಕೈ ತೆಗೆದಳು. ಸೆರಗು ಸರಿಮಾಡಿಕೊಂಡಳು.

"ಯಾಕ್ರಪ್ಪ ಕಿತ್ತಾಡೀರಿ? ನನ್ನ ಬುಟ್ಟು ಓಗಿ. ಇನ್ನೇಟ್ ದಿನ ಇದ್ದಾಳು ಈ ಮುದ್ಕಿ? ನೀರು ಬಂದ್ರೆ ದೇವ್ರ ಮನೆ ಬಾಗ್ಲಲ್ಲಿ ಕುಂತ್ಕತೀನಿ. ಹೊಳೆ ತಾಯಿ ಕರ್ಕೊಂಡೋಗ್ಲಿ. ನೀವೈದು ಜನ ಸುಕವಾಗಿ ಬದುಕ್ಕಳಿ."

ಈಗ ಎಲ್ಲರೂ "ಅಯ್ಯೋ, ಅಂಗೆಲ್ಲ ಅನ್ಬ್ಯಾಡಿ" ಎಂದು ಮೇಲೆ ಬೀಳಬೇಕಿತ್ತು. ಅವಳು ಕಾಯುತ್ತಿದ್ದದ್ದೂ ಅದಕ್ಕೇ. ಆದರೆ ಆ ಕ್ಷಣದಲ್ಲಿ ಮಂಚಯ್ಯನ ಬಾಯಲ್ಲಿ ಒಂದು ತುತ್ತು ಮುದ್ದೆ ಇತ್ತು. ರಂಗಸ್ವಾಮಿಯ ಬಾಯಲ್ಲಿ ಅದಕ್ಕಿಂತ ದೊಡ್ಡ ತುತ್ತಿತ್ತು. ಸೊಸೆಯರಿಬ್ಬರೂ ಆಗಷ್ಟೇ ಬಾಯಿಗಿಟ್ಟಿದ್ದರು. ಮುದ್ದೆಯನ್ನು ನುಂಗಬೇಕೇ ಹೊರತು ಬಾಯಲ್ಲಿಟ್ಟುಕೊಂಡು ಮಾತನಾಡಲು ಬರುವುದಿಲ್ಲ. ಎಲ್ಲರೂ ಕಣ್ಣು ಬಿಟ್ಟುಕೊಂಡು ಗಂಟಲು ಆಡಿಸುತ್ತಾ ಕೂತರು. ಬಾಯಿ ಖಾಲಿ ಇದ್ದದ್ದು ಸ್ನೇಹಳೊಬ್ಬಳದು.

"ಅಂಗಾದ್ರೆ ಲೆಕ್ಕ ಸರಿ ಓಯ್ತದೆ" ಎಂದಳು ಅವಳು.

ಕುಳ್ಳಮ್ಮ ಎದ್ದು ಕೈ ತೊಳೆದಳು. ಮಂಚಯ್ಯ ತುತ್ತು ನುಂಗಿ "ಅವ್ವಾ" ಎನ್ನುವಷ್ಟರಲ್ಲಿ ಬಾಗಿಲ ಹತ್ತಿರವಿದ್ದ ತನ್ನ ಗಂಟನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಸಂಜೆಯ ಹೊತ್ತಿಗೆ ನಾಗಮಂಗಲದ ಬಸ್ಸು ಹತ್ತಿ, ಹೊಣಕೆರೆಯಲ್ಲಿದ್ದ ಮಗಳು ಮಾಯಮ್ಮನ ಮನೆ ಸೇರಿದಳು.

ಬೀದಿಯಲ್ಲಿ ಸುದ್ದಿ ಹಬ್ಬಿತು. ತೆಪ್ಪದಲ್ಲಿ ಜಾಗ ಇಲ್ಲ ಎಂದು ಮಂಚಯ್ಯ ಹೆತ್ತ ತಾಯಿಯನ್ನು ಹೊರಗೆ ಹಾಕಿದ ಎಂದರು. ಸುದ್ದಿ ಅವನಿಗಿಂತ ಮುಂಚೆ ಪಾಂಡವಪುರ ತಲುಪಿ, ಹೆಡ್‌ಮಾಸ್ಟರು ಕರೆದು ಕೇಳಿದರು. ಮಂಚಯ್ಯ ಅತ್ತೇ ಬಿಟ್ಟ. ಮುಂದಿನ ಭಾನುವಾರ ಒಂದು ಸೇರು ಮೈಸೂರುಪಾಕು ಕಟ್ಟಿಸಿಕೊಂಡು ಹೊಣಕೆರೆಗೆ ಹೋದ. ತಂಗಿಯ ಮನೆಯ ಜಗಲಿಯಲ್ಲಿ ಕುಳ್ಳಮ್ಮ ಕಾಲು ಚಾಚಿ ಕೂತಿದ್ದಳು. ಸುತ್ತ ಊರಿನ ಹೆಂಗಸರು. ತೆಪ್ಪದ ಕಥೆ ಎಷ್ಟನೆಯ ಸಲವೋ ನಡೆಯುತ್ತಿತ್ತು.

"ಅವ್ವ, ತಪ್ಪಾಯ್ತು, ಮನೆಗೆ ಬಾ."

"ಬತ್ತೀನಿ ಕಣ್ಲಾ. ಒಂದ್ ಮಾತ್ ಯೋಳು. ನಾನ್ ಇಲ್ಲಿಗ್ ಬಂದ್ಮೇಲೆ ಈಗ ತೆಪ್ಪದಲ್ಲಿ ಜಾಗ ಎಂಗದೆ?"

ಮಂಚಯ್ಯ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. "ಸರಿಯಾಗೇ ಅದೆ ಕಣವ್ವ. ಎಲ್ರೂ ಹಿಡೀತೀವಿ" ಎಂದ.

ಕುಳ್ಳಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೈಸೂರುಪಾಕನ್ನು ಮಾತ್ರ ಮಾಯಮ್ಮನ ಗಂಡ ಚೌಡಯ್ಯ ಒಳಕ್ಕೆ ತೆಗೆದುಕೊಂಡ. ಚೌಡಯ್ಯನಿಗೆ ಊಟ, ನಿದ್ದೆ, ನೆಂಟರ ಮನೆ ಈ ಮೂರು ಬಿಟ್ಟರೆ ಬೇರೆ ಚಿಂತೆ ಇರಲಿಲ್ಲ. "ಬಾವ, ಆ ತೆಪ್ಪ ಒಂದ್ಸಲ ನೋಡ್ಬೇಕಲ್ಲ" ಎಂದ.

ಮುಂಗಾರು ಆ ವರ್ಷ ಜೋರಾಗಿ ಹಿಡಿಯಿತು. ಕೊಡಗಿನಲ್ಲಿ ಮಳೆ ಬಿಡಲೇ ಇಲ್ಲ. ಕಟ್ಟೆ ತುಂಬಿತು, ಗೇಟು ಎತ್ತಿದರು ಎಂಬ ಸುದ್ದಿ ರೇಡಿಯೋದಲ್ಲಿ ಬಂದ ಮಾರನೆಯ ದಿನ ಬೆಳಗ್ಗೆ ಮಂಚಯ್ಯನ ಮನೆ ಮುಂದೆ ಒಂದು ಟೆಂಪೋ ಬಂದು ನಿಂತಿತು. ಮುಂದಿನ ಸೀಟಿನಿಂದ ಕುಳ್ಳಮ್ಮ ಇಳಿದಳು. ಹಿಂದಿನಿಂದ ಚೌಡಯ್ಯ, ಮಾಯಮ್ಮ, ಅವರ ಮಕ್ಕಳು, ಚೌಡಯ್ಯನ ಅಣ್ಣ, ಅಣ್ಣನ ಹೆಂಡತಿ, ಆ ಹೆಂಡತಿಯ ತಂಗಿ, ಹೊಣಕೆರೆಯ ಇನ್ನಷ್ಟು ಜನ, ಕೊನೆಗೆ ಒಂದು ಕುರಿ ಇಳಿಯಿತು.

"ಅವ್ವಾ!" ಎಂದು ಮಂಚಯ್ಯ ಓಡಿ ಬಂದ.

"ನೀರು ಬತ್ತದಂತಲ್ಲ. ಸಾಯಕ್ಕೆ ಬಂದಿವ್ನಿ" ಎಂದಳು ಕುಳ್ಳಮ್ಮ, ಒಳಗೆ ಹೋಗುತ್ತಾ. "ಮುದ್ದೆಗೆ ಎಸ್ರು ಮಡಗಿದೀರಾ?"

ಉಳಿದವರು ಬಂದದ್ದು ನೀರು ನೋಡಲು. ಕಟ್ಟೆಯ ಗೇಟು ಎತ್ತಿದರೆ ಸುತ್ತಲಿನ ತಾಲ್ಲೂಕಿನ ಜನವೆಲ್ಲ ನೋಡಲು ಹೊರಡುವುದು ನಮ್ಮ ಕಡೆ ಇದ್ದದ್ದೇ. ಟೆಂಪೋದವರು ಹೋಗಿ ನೊರೆ ಕಾರುತ್ತಾ ಧುಮುಕುವ ನೀರನ್ನು ನೋಡಿ, ತಲೆಯೆಲ್ಲ ನೆನೆಸಿಕೊಂಡು, ಹಸಿದುಕೊಂಡು ವಾಪಸ್ಸು ಬಂದರು. ಅಷ್ಟರಲ್ಲಿ ರಂಗಸ್ವಾಮಿ ಕುರಿ ಕೊಯ್ದಾಗಿತ್ತು. ಹಿತ್ತಿಲಲ್ಲಿ ಟಾರ್ಪಾಲು ಕಟ್ಟಿ, ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಡಬರಿ ಇಟ್ಟು ಸೊಸೆಯರು ಮಸಾಲೆ ಹುಯ್ದಿದ್ದರು. ಮಕ್ಕಳು ತಾರಸಿ ಹತ್ತಿ ತೆಪ್ಪದಲ್ಲಿ ಕುಣಿದರು. ಮಕ್ಕಳನ್ನು ಇಳಿಸುತ್ತೇನೆಂದು ಹತ್ತಿದ ಚೌಡಯ್ಯ, ಅದರೊಳಗೆ ಬೆಚ್ಚಗೆ ಮುದುರಿಕೊಂಡು ಮಲಗಿಬಿಟ್ಟ.

ಆಗ ಬೀದಿಯಲ್ಲಿ ಜೀಪು ಬಂತು. "ಕಟ್ಟೆಯಿಂದ ಇನ್ನೂ ಹೆಚ್ಚಿನ ನೀರು ಬಿಡಲಾಗುತ್ತಿದೆ. ತಗ್ಗಿನಲ್ಲಿರುವ ಜನ ಕೂಡಲೇ ಮೇಲಿನ ಬೀದಿಯ ಸ್ಕೂಲಿಗೆ ಹೋಗಬೇಕು" ಎಂದು ಮೈಕಿನಲ್ಲಿ ಕೂಗಿಕೊಂಡು ಹೋಯಿತು.

ಮಂಚಯ್ಯ ಇಷ್ಟು ದಿನ ಕಾದದ್ದು ಬಂದೇಬಿಟ್ಟಿತ್ತು. ಮನೆಯಲ್ಲಿ ಈಗ ಆರು ಜನ ಅಲ್ಲ, ಯಾರು ಎಣಿಸಿದರೂ ಲೆಕ್ಕಕ್ಕೆ ಸಿಗದಷ್ಟು ಜನ ಇದ್ದರು. ಅವನು ಪೀಪಿ ತೆಗೆದು ಊದಿದ.

ಎಮ್ಮೆ ಹೊರಗೆ ಬಂತು.

"ಎಲ್ರೂ ಏಳ್ರಪ್ಪ! ಸ್ಕೂಲಿಗೆ ನಡೀರಿ! ನೀರು ಬತ್ತಾ ಅದೆ!"

"ಬಾಡು ಇನ್ನೂ ಬೇಯ್ಬೇಕು ಕಣಿ" ಎಂದಳು ಪಾರ್ವತಮ್ಮ.

"ಉಂಡ್ಕಂಡ್ ಓಗಣ ಬಾವ" ಎಂದಿತು ತಾರಸಿಯ ಮೇಲಿನಿಂದ ಚೌಡಯ್ಯನ ದನಿ. "ವರ್ಸಾ ವರ್ಸಾ ಯೋಳ್ತಾರೆ. ಎಲ್ಲಿ ಬತ್ತದೆ?"

ಬೀದಿಯವರೂ ಇದನ್ನೇ ಹೇಳಿದರು. ಜಗಲಿಗಳ ಮೇಲೆ ಕೂತು, ಬೀದಿ ತುದಿಯಲ್ಲಿ ಮಿನುಗುತ್ತಿದ್ದ ನೀರನ್ನು ತಮಾಷೆ ನೋಡುತ್ತಿದ್ದರು. ಮಂಚಯ್ಯ ಈ ತುದಿಯಿಂದ ಆ ತುದಿಗೆ ಪೀಪಿ ಊದುತ್ತಾ ಓಡಿದ. ಯಾರೋ ಟೀ ಕುಡಿ ಬಾ ಎಂದರು. ಊದಿ ಊದಿ ಪೀಪಿಯೊಳಗೆ ಮಳೆನೀರು ಹೋಗಿ, ಅದು ಗೊರಗೊರ ಎನ್ನತೊಡಗಿತು.

ವಾಪಸ್ಸು ಬರುವಾಗ ನೀರು ಅವನ ಪಾದ ಮುಟ್ಟಿತು. ಮನೆ ತಲುಪುವಷ್ಟರಲ್ಲಿ ಮೊಣಕಾಲಿನ ಹತ್ತಿರಕ್ಕೆ ಬಂತು. ಕಂದು ಬಣ್ಣದ, ಕಸ ಹೊತ್ತ, ತಣ್ಣನೆಯ ನೀರು. ಅದು ಸದ್ದು ಮಾಡುತ್ತಿರಲಿಲ್ಲ. ಅವನಿಗೆ ನಿಜವಾಗಿ ಭಯವಾದದ್ದು ಆಗ. ಹಿತ್ತಿಲಿಗೆ ಹೋದರೆ, ಹೊಣಕೆರೆಯವರೆಲ್ಲ ನೀರಿನಲ್ಲೇ ನಿಂತು ಡಬರಿಯ ಸುತ್ತ ನೆರೆದಿದ್ದರು. ಒಲೆಯ ಬೆಂಕಿ ಚುಸ್ ಎಂದು ಆರಿತು. ಯಾರೂ ಕದಲಲಿಲ್ಲ. ಬೆಂದಿದೆಯೋ ಇಲ್ಲವೋ ಎಂದು ಕುಳ್ಳಮ್ಮ ಒಂದು ತುಂಡು ಎತ್ತಿ ಹಿಸುಕಿ ನೋಡುತ್ತಿದ್ದಳು. ಎಲ್ಲರ ಕಣ್ಣೂ ಆ ತುಂಡಿನ ಮೇಲಿತ್ತು.

ಮಂಚಯ್ಯ ಅವರ ಮುಖಗಳನ್ನು ನೋಡಿದ. ಆಮೇಲೆ ಡಬರಿಯನ್ನು ನೋಡಿದ. ಪೀಪಿಯನ್ನು ಕತ್ತಿನಿಂದ ತೆಗೆದು ಜೇಬಿಗೆ ಹಾಕಿಕೊಂಡ.

"ರಂಗ, ತೆಪ್ಪ ಇಳ್ಸು."

"ಯಾರ್ನ ಕೂರ್ಸದಣ್ಣ?"

"ಡಬರಿ ಕೂರ್ಸು."

ರಂಗಸ್ವಾಮಿ ಒಂದು ಗಳಿಗೆ ಅಣ್ಣನ ಮುಖ ನೋಡಿದ. ಆಮೇಲೆ ತಾರಸಿ ಹತ್ತಿದ. ಚೌಡಯ್ಯನನ್ನು ಎಬ್ಬಿಸಲು ಪುರಸೊತ್ತಿರಲಿಲ್ಲ. ಹಗ್ಗ ಕಟ್ಟಿ, ಅವನ ಸಮೇತ ತೆಪ್ಪವನ್ನು ಬೀದಿಯ ನೀರಿಗೆ ಇಳಿಬಿಟ್ಟರು. ನೀರಿನಲ್ಲಿ ಅದು ಒಂದು ಸುತ್ತು ತಿರುಗಿದಾಗ ಚೌಡಯ್ಯ ಎದ್ದು ಕೂತು, "ಯಾವೂರು?" ಎಂದು ಕೇಳಿದ. ಅವನನ್ನು ಎಳೆದು ಹಾಕಿದರು. ಪಾರ್ವತಮ್ಮ ಗೋಣಿಚೀಲಗಳನ್ನು ನೆನೆಸಿ ತೆಪ್ಪದ ತಳಕ್ಕೆ ಹಾಸಿದಳು. ಡಬರಿಯ ಬಳೆಗಳಿಗೆ ಒಂದು ಗಳು ಸಿಕ್ಕಿಸಿ, ನಾಲ್ಕು ಜನ ಹೊತ್ತು ತಂದು ಅದರ ಮೇಲೆ ಕೂರಿಸಿದರು.

"ಮುಚ್ಚಳ ಯಾರ್ ಇಡ್ಕಳೋರು? ಚೆಲ್ಲೋಯ್ತದೆ!" ಎಂದು ಕುಳ್ಳಮ್ಮ ಕೂಗಿದಳು. ಆ ಕೆಲಸಕ್ಕೆ ಅವಳು ಬೇರೆ ಯಾರನ್ನೂ ನಂಬುವವಳಲ್ಲ. ಸೆರಗು ಸಿಕ್ಕಿಸಿ, ಮಗನ ಭುಜ ಹಿಡಿದು, ತಾನೇ ತೆಪ್ಪಕ್ಕೆ ಹತ್ತಿ, ಡಬರಿಯನ್ನು ತಬ್ಬಿಕೊಂಡಂತೆ ಕೂತು ಎರಡೂ ಕೈಯಲ್ಲಿ ಮುಚ್ಚಳ ಒತ್ತಿ ಹಿಡಿದಳು.

ಮಂಚಯ್ಯ ಹಗ್ಗ ಹೆಗಲಿಗೆ ಹಾಕಿ ಮೇಲಿನ ಬೀದಿಯ ಕಡೆ ಎಳೆದ. ರಂಗಸ್ವಾಮಿ ಹಿಂದಿನಿಂದ ತಳ್ಳಿದ. ತೆಪ್ಪ ಹೊರಟಿತು. ಹೊಣಕೆರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮಕ್ಕಳನ್ನು ಹೆಗಲಿಗೇರಿಸಿಕೊಂಡು, ಮುದ್ದೆಯ ಕುಕ್ಕೆಯನ್ನು ತಲೆಯ ಮೇಲಿಟ್ಟುಕೊಂಡು ಹಿಂದೆ ಹೊರಟರು. ಯಾರಿಗೂ ಎರಡನೆಯ ಮಾತು ಹೇಳಬೇಕಾಗಲಿಲ್ಲ.

ಮುಚ್ಚಳದ ಸಂದಿಯಿಂದ ಬಾಡೆಸರಿನ ಹಬೆ ಬೀದಿಯುದ್ದಕ್ಕೂ ಹರಡಿತು. ಜಗಲಿಗಳ ಮೇಲೆ ಕೂತವರು ಕತ್ತು ನೀಡಿದರು.

"ಎಲ್ಗವ್ವ ಓಯ್ತಾ ಅದೆ ಎಸ್ರು?"

"ಸ್ಕೂಲಿಗೆ!" ಎಂದಳು ಕುಳ್ಳಮ್ಮ ಡಬರಿಯ ಹಿಂದಿನಿಂದ. "ಬರೋರು ತಟ್ಟೆ ತಕ್ಕೊಂಡ್ ಬನ್ನಿ. ನಿದಾನ ಮಾಡುದ್ರೆ ಮೂಳೆನೂ ಸಿಕ್ಕಕಿಲ್ಲ!"

ಜೀಪು ಮೈಕಿನಲ್ಲಿ ಕೂಗಿ ಹೋದಾಗ ಅಲುಗದ ಬೀದಿ ಆಗ ಎದ್ದಿತು. ತಟ್ಟೆ, ಲೋಟಗಳ ಸದ್ದು ಮನೆಮನೆಯಿಂದ ಕೇಳಿತು. ಮುದುಕರು, ಬಾಣಂತಿಯರು, ಕೋಳಿ ಕಂಕುಳಲ್ಲಿಟ್ಟುಕೊಂಡವರು ಎಲ್ಲರೂ ತೆಪ್ಪದ ಹಿಂದೆ ಸಾಲುಗಟ್ಟಿದರು. ಎಮ್ಮೆ ಮುಂದೆ ಇತ್ತು. ಬಾಡು ತಿನ್ನದ ಒಬ್ಬ ನಿವೃತ್ತ ಮೇಷ್ಟ್ರು ಸಹ ಬಂದರು; ಒಬ್ಬನೇ ಕೂತು ಏನು ಮಾಡಲಿ, ಅಲ್ಲಿ ಮಜ್ಜಿಗೆಯಾದರೂ ಇರಬಹುದು ಎಂದರಂತೆ. ನೀರು ಮುಗಿದು ಏರು ಶುರುವಾದ ಕಡೆ ತೆಪ್ಪ ನೆಲಕ್ಕೆ ಕಚ್ಚಿಕೊಂಡಿತು. ಕುಳ್ಳಮ್ಮ ಇಳಿಯಲು ಒಪ್ಪಲಿಲ್ಲ. ಮುಚ್ಚಳ ಬಿಟ್ಟರೆ ಕೆಟ್ಟೆವು ಎಂದಳು. ಬೀದಿಯ ಗಂಡಸರೆಲ್ಲ ಸುತ್ತ ಕೈ ಹಾಕಿ, ಎಸರು ಮತ್ತು ಮುದುಕಿಯ ಸಮೇತ ತೆಪ್ಪವನ್ನು ಎತ್ತಿ, ಉಸ್ ಉಸ್ ಎನ್ನುತ್ತಾ ಸ್ಕೂಲಿನ ವರಾಂಡಕ್ಕೆ ತಂದು ಇಳಿಸಿದರು.

ಅಲ್ಲಿ ಸಾಲಾಗಿ ಕೂತು ಎಲ್ಲರೂ ಉಂಡರು. ಬಂದಷ್ಟು ಜನಕ್ಕೆ ಒಂದು ಕುರಿ ಎಲ್ಲಿ ಸಾಕಾಗಬೇಕು? ಪುಟ್ಟಲಕ್ಷ್ಮಮ್ಮ ಬಿಸಿನೀರು, ಉಪ್ಪು, ಖಾರದ ಪುಡಿ ಹಾಕಿ ಹಾಕಿ ಎಸರನ್ನು ಬೆಳೆಸಿದಳು. ಕೊನೆಯ ಸಾಲಿನವರಿಗೆ ಬಂದದ್ದು ಕುರಿಯನ್ನು ದೂರದಿಂದ ನೋಡಿದ ನೀರು. ಆದರೂ ಯಾರೂ ಎದ್ದು ಹೋಗಲಿಲ್ಲ.

ಊಟ ಇನ್ನೂ ನಡೆಯುತ್ತಿದ್ದಾಗ ಕೆಳಗಿನ ಬೀದಿಯಿಂದ ಧಡ್ ಎಂಬ ಸದ್ದು ಬಂತು. ಕೆಲವರು ಕೋಟೆಯ ಗೋಡೆ ಹತ್ತಿ ನೋಡಿದರು. ನೀರು ಕಿಟಕಿಗಳ ಮಟ್ಟಕ್ಕೆ ಬಂದಿತ್ತು. ಮಂಚಯ್ಯನ ಎದುರು ಮನೆಯ ಮಣ್ಣಿನ ಗೋಡೆ, ಹೆಂಚು ಸಮೇತ ಕುಸಿದು ಕೂತಿತ್ತು. ಆ ಮನೆಯ ಗಂಡ ಹೆಂಡತಿ ವರಾಂಡದಲ್ಲಿ ತಟ್ಟೆ ಹಿಡಿದುಕೊಂಡಿದ್ದರು. ಗಂಡಸು ಎಂಜಲ ಕೈಯಲ್ಲೇ ಬಂದು ಮಂಚಯ್ಯನ ಮುಂದೆ ನಿಂತು, "ಮಂಚಣ್ಣ" ಎಂದ. ಮಂಚಯ್ಯ ಅವನ ಕೈ ನೋಡಿ, "ಇನ್ನೊಂಚೂರು ಮುದ್ದೆ ಆಕ್ಸ್ಕೊ" ಎಂದ.

ಆ ದಿನ ಅವನು ಉಂಡದ್ದು ಎಲ್ಲರಿಗಿಂತ ಕೊನೆಗೆ. ಡಬರಿಯ ತಳ ಕೆರೆಯುವಾಗ ಕುಳ್ಳಮ್ಮ ತನ್ನ ತಟ್ಟೆಯಲ್ಲಿ ಮುಚ್ಚಿಟ್ಟಿದ್ದ ಒಂದು ಲಿವರಿನ ತುಂಡನ್ನು ಅವನ ಮುಂದೆ ಇಟ್ಟಳು.

"ತಿನ್ನು. ಬೆಳಗಿನಿಂದ ಕೂಗಿ ಕೂಗಿ ಗಂಟ್ಲು ಬಿದ್ದೋಗದೆ ನಿಂದು."

"ಅವ್ವ, ನಿನ್ನ ಬುಟ್ಟು ಓಗ್ತಿರ್ನಿಲ್ಲ ಕಣವ್ವ. ಆವತ್ತು ಬಾಯಲ್ಲಿ ಮುದ್ದೆ ಇತ್ತು."

"ನಂಗೊತ್ತಿಲ್ವಾ?" ಎಂದಳು ಕುಳ್ಳಮ್ಮ. "ಅಂಗೇ ಒಂದ್ನಾಕ್ ದಿನ ಮಗಳ ಮನೇಲಿ ಇದ್ದು ಬರನ ಅಂತ ಓದೆ. ಅಲ್ಲಿ ಚೌಡಯ್ಯ ನಂಗೇನೂ ಉಳಿಸ್ತಿರ್ನಿಲ್ಲ ಕಣ್ಲಾ. ಸೊರಗ್ಬುಟ್ಟೆ."

ನೀರು ಇಳಿಯಲು ಎರಡು ದಿನ ಬೇಕಾಯಿತು. ಹೊಣಕೆರೆಯವರು ಟೆಂಪೋ ಹತ್ತಿದರು. ಹತ್ತುವ ಮುಂಚೆ ಚೌಡಯ್ಯ, ಮುಂದಿನ ವರ್ಷ ಗೇಟು ಎತ್ತುವಾಗ ಒಂದು ಮಾತು ಮುಂಚೆಯೇ ಹೇಳಿ ಕಳಿಸಬೇಕೆಂದು ಕೇಳಿಕೊಂಡ. ಮನೆಯೊಳಗೆ ಮೊಣಕಾಲುದ್ದ ಕೆಸರು ಕೂತಿತ್ತು. ಬಾಗಿಲ ಹತ್ತಿರ ಕಟ್ಟಿಟ್ಟಿದ್ದ ಗಂಟುಗಳನ್ನು ಯಾರೂ ತೆಗೆದುಕೊಂಡಿರಲಿಲ್ಲ. ಮಿಕ್ಸಿಯೊಳಗೆ ಮರಳು ತುಂಬಿತ್ತು. ಮದುವೆ ಆಲ್ಬಮ್ಮಿನಲ್ಲಿ ರಂಗಸ್ವಾಮಿಯ ಮುಖವೆಲ್ಲ ಅಳಿಸಿ, ಪುಟ್ಟಲಕ್ಷ್ಮಮ್ಮ ಪ್ರತಿ ಫೋಟೋದಲ್ಲೂ ಒಬ್ಬಳೇ ಧಾರೆ ಎರೆಸಿಕೊಳ್ಳುತ್ತಿದ್ದಳು.

ಸಲಿಕೆ, ಬಕೆಟ್ಟು ಹಿಡಿದು ಎಲ್ಲರೂ ಕೆಸರು ಬಾಚುತ್ತಿದ್ದಾಗ ಅಡಿಗೆಮನೆಯಿಂದ ಸ್ನೇಹ ಕಿರುಚಿದಳು. ಓಡಿಹೋಗಿ ನೋಡಿದರೆ, ಒರಳುಕಲ್ಲಿನ ಗುಳಿಯಲ್ಲಿ ನಿಂತ ನೀರಿನೊಳಗೆ ಅಂಗೈಯಗಲದ ಒಂದು ಮೀನು ಗುಂಡಗೆ ಸುತ್ತು ಹಾಕುತ್ತಿತ್ತು.

"ಉಣಸೆಹಣ್ಣು ನೆನೆಯಾಕು" ಎಂದಳು ಕುಳ್ಳಮ್ಮ.

"ಪಾಪ, ಹೊಳೆಗೆ ಬುಡನ ಅಜ್ಜಿ" ಎಂದಳು ಸ್ನೇಹ.

ಪಾರ್ವತಮ್ಮ ಹುರಿಯೋಣ ಎಂದಳು. ಪುಟ್ಟಲಕ್ಷ್ಮಮ್ಮ, ಒರಳಿನಲ್ಲಿ ಬಂದ ಮೀನು ಲಕ್ಷ್ಮಿ, ಸಾಕೋಣ ಎಂದಳು. ರಂಗಸ್ವಾಮಿ ಅದು ಯಾವ ಜಾತಿಯ ಮೀನು ಎಂಬುದು ಮೊದಲು ತೀರ್ಮಾನವಾಗಲಿ ಎಂದ. ಕೂಗಾಟ ಬೀದಿಗೆ ಕೇಳಿತು. ಅವರು ಜಗಳವಾಡುತ್ತಿದ್ದಂತೆಯೇ ಮಂಚಯ್ಯ ಒಂದು ಚೆಂಬು ತಂದು, ನೀರಿನ ಸಮೇತ ಮೀನನ್ನು ಮೊಗೆದುಕೊಂಡು, ಅಂಗೈಯಿಂದ ಚೆಂಬಿನ ಬಾಯಿ ಮುಚ್ಚಿ, ಹಿತ್ತಿಲ ಬಾಗಿಲಿನಿಂದ ಹೊಳೆಯ ಕಡೆ ಸರಸರನೆ ನಡೆದ. ಮೀನು ಅಂಗೈಗೆ ಕಚಗುಳಿ ಇಡುತ್ತಿತ್ತು. ಅವನು ಒಬ್ಬನೇ ನಗುತ್ತಾ ಹೋದ.